ನಾಲ್ಕನೇ ಮಹಡಿಯ ಗ್ರಹಣ

ಬೆಳಿಗ್ಗೆ ಏಳಕ್ಕೆ ಕಿಟಕಿಯ ಪರದೆ ಸರಿಸಿದರೆ
ಕಡಲಿಲ್ಲ.
ಎದುರಿಗೊಂದು ಅಡುಗೆಮನೆ.
ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಾಕೆ ನನ್ನನ್ನು ನೋಡಿದಳು,
ಸವರುವುದನ್ನು ನಿಲ್ಲಿಸಲಿಲ್ಲ.
ಹಡಗನ್ನು ಅಷ್ಟು ಹತ್ತಿರ ತಂದು ನಿಲ್ಲಿಸಿದ್ದರು,
ಕೈಚಾಚಿ ಒಂದು ಚಿಟಿಕೆ ಉಪ್ಪು ಕೇಳಬಹುದಿತ್ತು.

ಧ್ವನಿವರ್ಧಕ ಹೇಳಿತು:
ಐದೂವರೆಗೆ ಎಲ್ಲರೂ ಒಳಗಿರತಕ್ಕದ್ದು,
ತಡವಾದವರಿಗೆ ಹಡಗು ಕಾಯುವುದಿಲ್ಲ.
ಗಾಳಿಗಿರಣಿ ನೋಡುವವರ ಎದೆಗೆ ಹಳದಿ ಚೀಟಿ,
ಚೀಸ್ ನೋಡುವವರಿಗೆ ನೀಲಿ.
ನನ್ನ ನಾದಿನಿ ಹಳದಿಯಾದಳು.
ನಾನು ಯಾವ ಬಣ್ಣವೂ ಆಗದೆ ಇಳಿದೆ.

ಈ ಊರಿನ ಬೀದಿಗಳ ಹೆಸರಲ್ಲಿ ಒಂದು ಅಕ್ಷರವಿದೆ,
ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಸಿಕೊಂಡವರು ಮಾತ್ರ
ಸರಿಯಾಗಿ ಹೇಳಬಲ್ಲರು.
ನಾನು ಹೇಳಿದ್ದಕ್ಕೆ ಟ್ರಾಮಿನ ಚಾಲಕಿ
ಆಸ್ಪತ್ರೆಯ ದಾರಿ ತೋರಿಸಿದಳು.

ಮೂಲೆಯ ಗಾಡಿಯಲ್ಲಿ ಹಸಿ ಮೀನು, ಮೇಲೆ ಹೆಚ್ಚಿದ ಈರುಳ್ಳಿ.
ನನಗೆ ಈರುಳ್ಳಿ ಮಾತ್ರ ಸಾಕು ಅಂದೆ.
ಅದಕ್ಕೆಷ್ಟೆಂದು ಅಂಗಡಿಯವಳಿಗೆ ತಿಳಿಯಲಿಲ್ಲ,
ಸುಮ್ಮನೆ ಕೊಟ್ಟಳು.
ಒಂದು ಬೆಂಚು, ಒಂದು ಕಡಲಹಕ್ಕಿ;
ಅದಕ್ಕೂ ನನ್ನ ಆಯ್ಕೆ ಹಿಡಿಸಲಿಲ್ಲ.

ನಾಲ್ಕೂ ಮುಕ್ಕಾಲಿಗೆ ಸೇತುವೆ ಎದ್ದು ನಿಂತಿತು.
ಡಾಂಬರು, ಬಿಳಿ ಪಟ್ಟೆ, ಸೈಕಲ್ಲಿನ ಗುರುತು ಸಮೇತ
ರಸ್ತೆಯೇ ಗೋಡೆಯಾಗಿ.
ಯಾರೋ ಬಿಸುಟ ಕಿತ್ತಳೆಸಿಪ್ಪೆ
ಗೋಡೆಯಿಂದ ಜಾರಿ ನನ್ನ ಕಾಲಬುಡಕ್ಕೆ ಬಂತು.
ಕೆಳಗೆ ಮರಳು ಹೊತ್ತ ಉದ್ದನೆಯ ದೋಣಿ, ಅದೆಷ್ಟು ನಿಧಾನ,
ಅದರ ಬೆನ್ನಮೇಲೆ ಒಗೆದ ಬಟ್ಟೆ, ಮಗುವಿನ ಮೂರುಗಾಲಿ ಸೈಕಲ್ಲು,
ಒಂದು ಕಾರು ಕೂಡ.
ಯಾರೂ ಹಾರ್ನ್ ಹೊಡೆಯಲಿಲ್ಲ.
ಊರೆಲ್ಲ ಸೈಕಲ್ಲಿನಿಂದ ಒಂದು ಕಾಲು ನೆಲಕ್ಕೂರಿ ನಿಂತಿತು.
ನನ್ನೆದೆಯಲ್ಲಿ ಮಾತ್ರ ಆಗಲೇ ಐದೂವರೆ ಹೊಡೆಯುತ್ತಿತ್ತು.

'ಹಡಗಿನವರು ನೀವು,' ಅಂದ ಪಕ್ಕದ ಮುದುಕ.
ಪ್ರಶ್ನೆಯಲ್ಲ ಅದು.
ಹೆಸರು ಕ್ರೈನ್. ಸೈಕಲ್ಲಿನ ಬುಟ್ಟಿಯಲ್ಲಿ ಗೊಬ್ಬರದ ಚೀಲ.
ಮೂವತ್ತೊಂದು ವರ್ಷ ಧಕ್ಕೆಯಲ್ಲಿ ಹಗ್ಗದ ಕೆಲಸವಂತೆ,
ಬಂದದ್ದನ್ನು ಕಟ್ಟುವುದು, ಹೊರಟದ್ದನ್ನು ಬಿಚ್ಚುವುದು.
'ಒಂದು ಹಡಗೂ ನನ್ನದಲ್ಲ, ಗಂಟುಗಳೆಲ್ಲ ನನ್ನವು.'
ಈಗ ಅದೇ ಧಕ್ಕೆಯೆದುರು, ನಾಲ್ಕನೇ ಮಹಡಿಯಲ್ಲಿ,
ಏಳು ಟೊಮೇಟೊ ಗಿಡಗಳ ಸಂಸಾರ.
'ನನ್ನ ಬಾಲ್ಕನಿಗೆ ಬಿಸಿಲು ಬರುವುದೇ ಮೂರರ ಮೇಲೆ.
ಗುರುವಾರ ನೀವು ಬರುತ್ತೀರಿ, ಅದು ಬರುವುದಿಲ್ಲ.'

ದೂರಿದ ಹಾಗಿರಲಿಲ್ಲ. ನಾಳೆ ಮೋಡ ಅಂದ ಹಾಗಿತ್ತು.
ಕ್ಷಮಿಸಿ ಅನ್ನಬೇಕೆನಿಸಿತು. ಯಾರ ಪರವಾಗಿ?
ಮೂರು ಸಾವಿರ ಜನ, ಎರಡು ಈಜುಕೊಳ,
ನಡುರಾತ್ರಿಯೂ ಮುಗಿಯದ ಊಟ:
ಇಷ್ಟೆಲ್ಲದರ ಪರವಾಗಿ ಒಬ್ಬಳು ಕ್ಷಮೆ ಕೇಳಿದರೆ
ಎಷ್ಟು ತೂಗೀತು ಅದು?

ನಮ್ಮ ಕಡೆ ಗ್ರಹಣ ಹಿಡಿದರೆ
ಉಪ್ಪಿನಕಾಯಿ ಜಾಡಿಯ ಮೇಲೂ ದರ್ಭೆ ಇಡುತ್ತೇವೆ ಅಂದೆ,
ಬಿಟ್ಟಮೇಲೆ ತಲೆಗೆ ನೀರು.
ಅವನು ಯೋಚಿಸಿದ.
'ನಾನೂ ನೀರು ಹಾಕುತ್ತೇನೆ,' ಅಂದ, 'ನೀವು ಹೊರಟಮೇಲೆ.'

ಸೇತುವೆ ಮಲಗಿತು. ಗೋಡೆ ಮತ್ತೆ ರಸ್ತೆಯಾಯಿತು.
'ಓಡಬೇಡಿ, ಹಗ್ಗ ಬಿಚ್ಚಲು ಇಪ್ಪತ್ತು ನಿಮಿಷ ಬೇಕು,
ನನಗೆ ಗೊತ್ತು.'
ನಾನು ಓಡಿದೆ.

ಆರಕ್ಕೆ ಮೇಲಿನ ಡೆಕ್ಕಿನಲ್ಲಿ ಬ್ಯಾಂಡು,
ಕಾಗದದ ಪುಟ್ಟ ಛತ್ರಿ ಸಿಕ್ಕಿಸಿದ ಲೋಟಗಳು.
ನಾದಿನಿ ಫೋನಿನಲ್ಲಿ ಗಾಳಿಗಿರಣಿ ತೋರಿಸಿದಳು,
ಹದಿನೇಳು ಚಿತ್ರ, ಒಂದರಲ್ಲೂ ಗಾಳಿಯಿಲ್ಲ.
ನಾನು ಕಟಾಂಜನ ಹಿಡಿದು ದಡದ ಕಡೆ ನಿಂತೆ.

ಮೊದಲು ಕದಲಿದ್ದು ನೆರಳು.
ಕಟ್ಟಡದ ಮೈಮೇಲಿಂದ ಒದ್ದೆ ಬಟ್ಟೆಯಂತೆ
ಮನೆಯಿಂದ ಮನೆಗೆ ಬಿಡಿಸಿಕೊಳ್ಳುತ್ತ ಹೋಯಿತು.
ಬೆಣ್ಣೆ ಸವರಿದವಳ ಅಡುಗೆಮನೆ ಬೆಳಗಿತು.
ಒಂದು ಬೆಕ್ಕು ಬೆಳಗಿತು.
ಎಣಿಸಿದೆ: ಒಂದು, ಎರಡು, ಮೂರು,
ನಾಲ್ಕನೆಯದರಲ್ಲಿ ಹಸಿರು,
ಹಸಿರಿನ ಹಿಂದೆ ಬಗ್ಗಿದ ಒಂದು ಬೆನ್ನು.

ಅವನೇ ಇರಬೇಕು. ಕೈಬೀಸಿದೆ.
ಅವನ ಕೈಯಲ್ಲಿ ನೀರಿನ ಡಬ್ಬಿಯಿತ್ತು,
ತಲೆಯೆತ್ತಲಿಲ್ಲ.
ನನ್ನ ಬಾಯಲ್ಲಿ ಇನ್ನೂ ಈರುಳ್ಳಿಯ ಖಾರ.