ಆರು ಮಿಲಿಮೀಟರಿನ ಕಿಟಕಿ

ಕಾಲ್ಯಾರಿ ಆಸ್ಪತ್ರೆಯ ನೆಲಮಾಳಿಗೆ.
ಎರಡು ಮೀಟರ್ ದಪ್ಪದ ಗೋಡೆಯ ಈಚೆ ನನ್ನ ಕುರ್ಚಿ,
ಆಚೆ, ಹಲಗೆಯ ಮೇಲೆ, ಬರಿಮೈಯಲ್ಲಿ
ಸಿಸಿನ್ನಿಯೊ ಪೊರ್ಚೆದ್ದಾ, ಎಪ್ಪತ್ತೊಂದು ವರ್ಷ.
ಎಡ ಶ್ವಾಸಕೋಶದ ಅಡಿಯಂಚಿಗೆ
ಆಲಿವ್ ಬೀಜದಷ್ಟು ಒಂದು ಗಂಟು.
ಉಸಿರೆಳೆದರೆ ಇಳಿಯುತ್ತದೆ, ಬಿಟ್ಟರೆ ಏರುತ್ತದೆ,
ಹದಿನೇಳು ಮಿಲಿಮೀಟರು.
ಅಲೆಯ ಮೇಲಿನ ದೋಣಿಗೆ ದಡದಲ್ಲಿ ನಿಂತು
ಗುರಿಯಿಟ್ಟು ಕಲ್ಲೆಸೆಯುವ ಕೆಲಸ ನನ್ನದು.
ಕಲ್ಲು ದೋಣಿಗೇ ಬೀಳಬೇಕು,
ಪಕ್ಕದ ನೀರು ಕಲಕಬಾರದು.

ಹೊಟ್ಟೆಯ ಮೇಲೆ ಸೋಪಿನ ಡಬ್ಬಿಯಂಥ ಪೆಟ್ಟಿಗೆ,
ಅದರ ಹೊಳೆವ ಚುಕ್ಕಿಗಳನ್ನು ಚಾವಣಿಯ ಕ್ಯಾಮೆರಾ ನೋಡುತ್ತದೆ.
ಮೈಕಿನಲ್ಲಿ ಹೇಳಿದೆ:
ಎಳೆದುಕೊಳ್ಳಿ. ಇನ್ನೂ. ಹಿಡಿಯಿರಿ.

ಕೆನ್ನೆ ಉಬ್ಬಿತು, ತುಟಿ ಬಿಗಿಯಿತು,
ಮುಖವೆಲ್ಲ "ಹಿಡಿದಿದ್ದೇನೆ" ಎನ್ನುತ್ತಿತ್ತು.
ಪರದೆಯ ಗೆರೆ ಮಾತ್ರ ತನ್ನ ಪಾಡಿಗೆ
ಏರುತ್ತಿತ್ತು, ಇಳಿಯುತ್ತಿತ್ತು.
ಮೂರು ಸಲ ಹೀಗೇ.
ನಾಲ್ಕನೆಯದಕ್ಕೆ ಒಳಗೆ ಹೋಗಿ ಕೇಳಿದೆ:
ಸುಳ್ಳು ಯಾಕೆ, ಅಜ್ಜ?

"ಸುಳ್ಳಲ್ಲ ಬೋನಾರಿಯಾ, ಚಾಳಿ.
ಲೌನೆಡ್ಡಸ್ ಊದಿದವನು ನಾನು, ಮೂರು ಜೊಂಡಿಗೆ ಒಂದೇ ಬಾಯಿ.
ಕೆನ್ನೆಯ ಗಾಳಿ ನಾದಕ್ಕೆ, ಮೂಗಿನ ಗಾಳಿ ನನಗೆ.
ಆರು ವರ್ಷದವನ ಮುಂದೆ ಅಪ್ಪ
ನೀರಿನ ಬಟ್ಟಲಿಟ್ಟು, ಕೈಗೆ ಹುಲ್ಲುಕಡ್ಡಿ ಕೊಟ್ಟು,
ಗುಳ್ಳೆ ನಿಂತರೆ ಊಟವಿಲ್ಲ ಅಂದಿದ್ದ.
ನಿಲ್ಲಿಸೋದು ಹೇಗೆ ಅಂತ
ನನಗೆ ಯಾರೂ ಕಲಿಸಲಿಲ್ಲ."

ಲೆಕ್ಕ ಮಾಡುವ ಲುಸ್ಸೋರಿಯೊನನ್ನು ಕರೆದೆ.
ಹತ್ತು ನಿಮಿಷದ ಗೆರೆಯನ್ನು ಉದ್ದಕ್ಕೆ ಹಾಸಿ ನೋಡಿದ.
ಒಂದು ಅಲೆಯನ್ನು ಎತ್ತಿ ಇನ್ನೊಂದರ ಮೇಲಿಟ್ಟರೆ
ಕೂದಲೆಳೆಯೂ ಆಚೀಚೆ ಇಲ್ಲ.
ಕನ್ನಡಕ ತೆಗೆದು ಒರೆಸಿ,
"ಇಂಥ ಉಸಿರನ್ನು ನಿಲ್ಲಿಸು ಅನ್ನೋಕೆ
ನಾಚಿಕೆಯಾಗಬೇಕು ನಮಗೆ" ಎಂದ.

ಹಾಗಾಗಿ ಈಗ ಕಾಯುವುದು ಯಂತ್ರ.
ಉಸಿರು ಪೂರಾ ಹೊರಬಿದ್ದು, ಮತ್ತೆ ಒಳಬರುವ ಮುನ್ನ
ಎದೆ ಒಂದಿಷ್ಟು ಸುಮ್ಮನಿರುತ್ತದಲ್ಲ,
ಅಷ್ಟಕ್ಕೆ ಕಿಟಕಿ, ಆರು ಮಿಲಿಮೀಟರಿನದು.
ಗೆರೆ ಅದರೊಳಗೆ ಕಾಲಿಟ್ಟಾಗ ಕಿರಣ,
ದಾಟಿದರೆ ಕತ್ತಲು.
ಚರ್ಚಿನ ಅಂಗಳದಲ್ಲಿ ಭಾನುವಾರ ಕುಣಿಯುವವರು
ಊದುವವನ ಕೆನ್ನೆ ನೋಡಿಯೇ ಹೆಜ್ಜೆ ಬದಲಿಸುತ್ತಾರೆ.
ಇಪ್ಪತ್ತು ಲಕ್ಷ ಯೂರೋದ ಈ ಕಬ್ಬಿಣವೂ
ಈಗ ಅವರ ಸಾಲಿನಲ್ಲಿ ಕೈ ಹಿಡಿದು ನಿಂತಿದೆ,
ಹೊಸಬ, ಸ್ವಲ್ಪ ಮಂಕ,
ಆದರೆ ತಾಳ ಬಿಡುವುದಿಲ್ಲ.

ಮೂರನೆಯ ದಿನ ಕೆಮ್ಮು.
ಗೆರೆ ಹರಿದು ಚಿಂದಿಯಾಯಿತು, ಎಲ್ಲ ಆರಿತು.
ಮೂವತ್ತು ವರ್ಷ ಬೀಡಾ ಸುಟ್ಟವನಂತೆ ಕೆಮ್ಮಿದರು
ಒಂದು ದಿನವೂ ಸೇದದ ಅಜ್ಜ.
ಗುಂಡಿಯ ಮೇಲೆ ನನ್ನ ಬೆರಳು,
ಗಾಜಿನಲ್ಲಿ ನನ್ನದೇ ಮುಖ.
ಏನೂ ಮಾಡುವಂತಿರಲಿಲ್ಲ.

ಐದನೆಯ ದಿನ ನಿದ್ದೆ ಹೋದರು.
ಅಲೆ ಕಿರಿದಾಗುತ್ತ ಮೇಲೆಲ್ಲೋ ತೇಲತೊಡಗಿತು,
ಕಿಟಕಿಯ ತನಕ ಇಳಿಯಲೇ ಇಲ್ಲ.
ಹೆಸರು ಹಿಡಿದು ಕೂಗಿದರೆ ಬೆಚ್ಚಿ ಅಲುಗಿಯಾರು.
ಏನು ತೋಚಿತೋ, ಮೈಕು ಒತ್ತಿ
ಅಮ್ಮ ಬಟ್ಟೆ ಒಗೆಯುವಾಗ ಗುನುಗುತ್ತಿದ್ದುದನ್ನು
ನೆನಪಿದ್ದಷ್ಟು ಗುನುಗಿದೆ.

ಒಂದು ಕಣ್ಣು ತೆರೆಯಿತು.
"ಶ್ರುತಿ ತಪ್ಪಿದೆ," ಎಂದರು.

ಆಮೇಲೆ ನಿಧಾನವಾಗಿ ಉಸಿರು ಬಿಟ್ಟರು, ಉದ್ದಕ್ಕೆ,
ನನಗೆ ಸರಿಯಾದ ಶ್ರುತಿ ಕೊಡುವವರ ಹಾಗೆ.
ಗೆರೆ ಇಳಿಯಿತು,
ಹಸಿರು ದೀಪ ಹತ್ತಿತು.