ಕೆಂಪು ನಕ್ಷತ್ರ ಇರುವಲ್ಲಿ

ಅಜ್ಮಾನಿನ ಈ ಟೈಪಿಂಗ್ ಸೆಂಟರಿನಲ್ಲಿ
ನನಗೆ ಇಪ್ಪತ್ತೆರಡು ವರ್ಷ, ಕೀಬೋರ್ಡಿಗೆ ನಾಲ್ಕು.
ಅಲಿಫ್ ಇದ್ದ ಕೀಲಿಯ ಮೇಲೆ ಈಗ ಏನೂ ಇಲ್ಲ,
ಹೊಳೆಯ ಕಲ್ಲಿನ ಹಾಗೆ ನುಣ್ಣಗಾಗಿದೆ.
ಬೆರಳಿಗೆ ಗೊತ್ತುಂಟು.

ಕಂಪ್ಯೂಟರಿನ ಬಗ್ಗೆ ನನ್ನ ಹತ್ತಿರ ಯಾರೂ ಕೇಳುವುದಿಲ್ಲ.
ಕೇಳಿದರೆ ಹೇಳಲಿಕ್ಕೆ ಬೇಕಾದಷ್ಟುಂಟು.

ಈ ಅಪ್‌ಡೇಟನ್ನೇ ನೋಡಿ.
ಹನ್ನೊಂದು ಜನ ಸಾಲಿನಲ್ಲಿ ನಿಂತಾಗಲೇ ಅದಕ್ಕೆ
ಸ್ನಾನ ಮಾಡುವ ಮನಸ್ಸಾಗುತ್ತದೆ.
ತಾಳಿ, ಆಫ್ ಮಾಡಬೇಡಿ ಅಂತ ಬಾಗಿಲು ಹಾಕಿಕೊಳ್ಳುತ್ತದೆ.
ಮುಕ್ಕಾಲು ಗಂಟೆ ಬಿಟ್ಟು ಹೊರಬಂದರೆ
ಅದೇ ಮುಖ.
ಎಡಗಡೆ ಇದ್ದ ಬಟನ್ನು ಮಾತ್ರ ಬಲಗಡೆ.

ಮೊದಲೆಲ್ಲ ಸಾಫ್ಟ್‌ವೇರು ಡಬ್ಬಿಯಲ್ಲಿ ಬರುತ್ತಿತ್ತು,
ತಂದರೆ ನಮ್ಮದು.
(ನಮ್ಮದೇನು, ಆಚೆ ಅಂಗಡಿಯವನ ಸೀಡಿ. ಇರಲಿ ಬಿಡಿ.)
ಈಗ ಕಾಗದ ಬರೆಯಲಿಕ್ಕೂ ತಿಂಗಳ ಬಾಡಿಗೆ,
ಬೆಡ್‌ಸ್ಪೇಸಿನ ಹಾಗೆ.
ಕಟ್ಟದಿದ್ದರೆ ನಾನು ಬರೆದದ್ದನ್ನು ನಾನು ಓದಬಹುದು,
ತಿದ್ದುವ ಹಾಗಿಲ್ಲ.
ಮಂಚದಲ್ಲಿ ಕೂತುಕೋ ಮಾರಾಯ, ಮಲಗಬೇಡ.

ಎಲ್ಲ ಮೋಡದಲ್ಲಿ ಭದ್ರ ಉಂಟು ಅನ್ನುತ್ತಾನೆ ಟೈ ಕಟ್ಟಿದ ಸೇಲ್ಸಿನವ.
ಜುಲೈ ತಿಂಗಳು. ನಾನು ಬಾಗಿಲಿಗೆ ಬಂದು
ಆಕಾಶ ನೋಡಿದೆ.
ಅವನೂ ನೋಡಿದ, ಪಾಪ.

ಪಕ್ಕದ ಕೆಫೆಟೇರಿಯಾದಲ್ಲಿ ಫಾಯಿಝನಿಗೂ ಲಾನ್ಸಿಗೂ
ಕರಕ್ ಚಹಾ ಕೆನೆಗಟ್ಟುವ ತನಕ ಜಗಳ:
ಯಾವ ಕಂಪನಿಯ ಫೋನು ಮೇಲು.
ಇಬ್ಬರದೂ ಕಂತಿನದು.
ಕಂಪನಿಯಲ್ಲಿ ಪಾಲು ಇದ್ದವರ ಹಾಗೆ ಇಬ್ಬರೂ ಬೆವರುತ್ತಾರೆ.

ಆಮೇಲೆ ಆ್ಯಪ್ ಬಂತು.
ಇನ್ನು ಎಲ್ಲರೂ ಕೂತಲ್ಲೇ ಅರ್ಜಿ ಹಾಕುತ್ತಾರೆ,
ಹಸನಬ್ಬ ಊರಿಗೆ ಹೋಗಿ ಮೀನು ಹಿಡಿಯಬೇಕು ಅಂದರು.
ಈ ಸಾಲಿನ ಎರಡು ಸೆಂಟರು ಮುಚ್ಚಿದವು.
ಒಂದರಲ್ಲಿ ಈಗ ಬಿರಿಯಾನಿ, ಇನ್ನೊಂದರಲ್ಲಿ ಮೊಬೈಲ್ ಕವರು.
ನಾನು ಕಾದೆ.
ಮೂರನೇ ವಾರ ಜನ ಬಂದರು, ಅವೇ ಜನ,
ಫೋನು ಚಾಚಿ:
ಒತ್ತಿ ಕೊಡಿ.

ಹುಲಿಗೆಪ್ಪ ಬಂದದ್ದು ಒಂದು ಗುರುವಾರ,
ಸಿಮೆಂಟಿನ ಬೂಟು ಹೊರಗೆ ಬಿಟ್ಟು.
ಕೊಪ್ಪಳದ ಕಡೆಯವ, ಹದಿನಾರನೇ ಮಾಳಿಗೆಯಲ್ಲಿ ಸಾರುವೆ ಕಟ್ಟುವವ.
ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು.
ಆ್ಯಪಿಗೆ ಮನೆತನದ ಹೆಸರು ಬೇಕು,
ಪಕ್ಕದಲ್ಲಿ ಸಣ್ಣ ಕೆಂಪು ನಕ್ಷತ್ರ:
ತುಂಬದೆ ಮುಂದೆ ಹೋಗುವ ಹಾಗಿಲ್ಲ.

'ಒಂದ ಹೆಸರು ಐತ್ರಿ ನಂದು. ಎರಡನೇದು ಯಾರ ಇಟ್ಟಾರ?'

ಚುಕ್ಕಿ ಇಟ್ಟೆ, ಒಪ್ಪಲಿಲ್ಲ.
ಗೆರೆ ಎಳೆದೆ. ಇಲ್ಲ.
ಸಹಾಯ ಅಂತ ಬರೆದಲ್ಲಿ ಒತ್ತಿದೆ,
ಹುಡುಗಿಯ ಚಿತ್ರ ಬಂದು ಮೂರು ಭಾಷೆಯಲ್ಲಿ ನಮಸ್ಕಾರ ಹೇಳಿ
ಅದೇ ಪುಟಕ್ಕೆ ತಂದು ಬಿಟ್ಟಿತು.
ಕಾಗದದ ಕಾಲದಲ್ಲಿ ಕಿಟಕಿಯ ಆಚೆ ಒಬ್ಬ ಮುದುಕ ಇದ್ದ,
ಬೈಯುತ್ತಿದ್ದ, ಮುದ್ರೆ ಒತ್ತುತ್ತಿದ್ದ.
ಬೈಯಲಿಕ್ಕಾದರೂ ಒಬ್ಬ ಬೇಕು.

ಕೊನೆಗೆ ಎರಡೂ ಕಡೆ ಅದನ್ನೇ ಬರೆದೆ:
ಹುಲಿಗೆಪ್ಪ ಹುಲಿಗೆಪ್ಪ.
ಹಸಿರು ಗುರುತು ಬಂತು.

ಅವನು ಬಹಳ ಹೊತ್ತು ಪರದೆ ನೋಡಿದ.
'ಹೋಗ್ಲಿ ಬಿಡ್ರಿ. ಒಬ್ಬನ್ನ ಕರಸಿ
ಇಬ್ಬರ ಕೆಲಸ ಮಾಡಸ್ತಾರ,
ಹೆಸರರ ಎರಡು ಇರ್ಲಿ.'

ಹದಿನೈದು ದಿರ್ಹಮ್ ಎಣಿಸಿಟ್ಟು ಬೂಟು ಹಾಕಿಕೊಂಡು ಹೋದ.
ಮಾಡಿದವರು ಯಾರೋ ಅವರಿಗೆ ಇದು ಗೊತ್ತಿರಲಿಕ್ಕಿಲ್ಲ.
ಒಂದೇ ಹೆಸರಿನವರು
ಅವರ ಆಫೀಸಿನ ಗಾಜು ಒರೆಸುತ್ತಿರಬಹುದು, ಹೊರಗಿನಿಂದ.

ಪುಟದ ಕೊನೆಗೆ ಒಂದು ಚೌಕ ಉಂಟು:
ನಿಮ್ಮ ಅಭಿಪ್ರಾಯ ಬರೆಯಿರಿ.
ಅದರ ಪಕ್ಕ ನಕ್ಷತ್ರ ಇಲ್ಲ.
ಬರೆಯದಿದ್ದರೂ ಮುಂದೆ ಹೋಗುತ್ತದೆ.