ಬಲಮಗ್ಗಲಿನ ತಗ್ಗು

ಕಸ್ತೂರಿ ಅತ್ತಿ ಸತ್ತ ಮ್ಯಾಲ ನನ್ನ ಪಾಲಿಗೆ ಬಂದದ್ದು
ಎರಡು ಟ್ರಂಕು, ಒಂದು ಸೀಟಿ, ಮತ್ತ ಈ ಪಾಯಿಂಟ್ ಟೂ ಟೂ.
ಬೆಟಗೇರಿ ಹೆಣ್ಮಕ್ಕಳ ಸಾಲ್ಯಾಗ ಡ್ರಿಲ್ ಟೀಚರ್ ಇದ್ದಳು ಅಕಿ.
ಟ್ರಂಕು ತಂಗಿ ಒಯ್ದಳು. ಸೀಟಿ ನನ್ನ ಮಗ ಊದಿ ಊದಿ ಕಳದ.
ರೈಫಲ್ಲಿಗೆ ವಾರಸಾ ಹಚ್ಚಲಿಕ್ಕೆ ಮಾತ್ರ
ಎರಡು ವರ್ಷ ಹತ್ತಿದೆ ಡೀಸಿ ಆಫೀಸಿನ ಮೆಟ್ಟಲಾ.
"ಇದ್ರಾಗ ಏನ್ ಹೊಡಿತೀರಿ, ಕಾಗೀನಾ?" ಅಂದ ಕಾರಕೂನ.
ಹೊಲಿಗಿ ಮಷೀನ್ ರಿಪೇರಿ ಮಾಡಾಂವ್ರೀ ನಾ,
ನಿಂತದ್ದನ್ನ ನಡಸೂದು ಒಂದು ಚಟ, ಅಂದೆ.

ಠಾಣೆಯಿಂದ ಬಂತು, ಗೋಣಿತಾಟಿನ್ಯಾಗ ಸುತ್ತಿ.
ಹನ್ನೊಂದು ಇಲೆಕ್ಷನ್ನಿನ ಹನ್ನೊಂದು ಚೀಟಿ
ಟ್ರಿಗರ್ ಗಾರ್ಡಿಗೆ, ಆಸ್ಪತ್ರಿ ಕೂಸಿನ ಕೈಗೆ ಕಟ್ಟಿದಾಂಗ.
ಬೋಲ್ಟ್ ಕಚ್ಚಿಕೊಂಡಿತ್ತು. ನಳಿಗಿಯೊಳಗ ಹಣಿಕಿದರ
ಮುಚ್ಚಿಟ್ಟ ಹಗೇವಿನ ಕತ್ತಲಿ.

ಮೂರು ದಿನ ಚಿಮಣಿ ಎಣ್ಣಿ ಕುಡಿಸಿದೆ.
ಅಕಿದ ಒಂದು ಹರಕು ಸೀರಿ, ಕೆಂಪು ದಡೀದು,
ಚೌಕ ಚೌಕ ಕತ್ತರಿಸಿ ಸರಳಿಗೆ ಪೋಣಿಸಿ ಎಳದೆ.
ಮೊದಲನೇದು ಕಾಡಿಗಿ,
ಹತ್ತನೇದು ಚಹಾ,
ಇಪ್ಪತ್ಮೂರನೇದು ಬೂದಿ.
ಬಿಳೇದು ಬರೂದರೊಳಗ ಸೀರಿ ಮುಗೀತು.
ದಡಿ ಮಾತ್ರ ಕತ್ತರಿಸಲಿಲ್ಲ, ಯಾಕೋ.

ಆಮ್ಯಾಲ ಪಿನ್ನು. ಈ ಜಾತಿ ತೋಟಾಕ್ಕ
ನಟ್ಟನಡುವ ಬಡದರ ಏನೂ ಆಗಂಗಿಲ್ಲ.
ಮದ್ದು ಇರೂದು ಅಂಚಿನ್ಯಾಗ, ಮಡಿಕಿಯೊಳಗ,
ಸೆರಗಿನ ತುದಿಗೆ ರೊಕ್ಕ ಗಂಟು ಹಾಕಿದಾಂಗ.
ಹಳೇ ಪಿನ್ನಿನ ಮೂತಿ ಸವದು ಮೊಂಡಾಗಿತ್ತು.
ಅರ ತಿಕ್ಕಿ ಹೊಸಾವು ನಾಕು ಮಾಡಿದೆ, ಮೂರು ಕೆಟ್ಟವು.
ನಾಕನೇದು ಕೂತು ಬೋಲ್ಟ್ ಮುಚ್ಚಿದಾಗ
ಅಡಕೊತ್ತಿನ ಸಪ್ಪಳ.

ಕಡೀಕ ಕಟ್ಟಿಗಿ. ಹಳೇ ಪಾಲಿಶ್ ಕೆರದು
ಅಗಸಿ ಎಣ್ಣಿ ಹಚ್ಚಾಕತ್ತಿದೆ. ಓಣಿ ತುಂಬ ವಾಸನಿ.
"ಯಾರ ಮನ್ಯಾಗ್ರಿ ಅಗಸಿ ಹಿಂಡಿ?" ಅಂತ ಬಂದಳು
ಬಾಜೂ ಝೆರಾಕ್ಸ್ ಅಂಗಡಿ ಹುಡುಗಿ.
ಅಂಗೈ ಬಿಸಿ ಆಗೂಹಂಗ ತಿಕ್ಕತಿದ್ದೆ,
ಹೆಬ್ಬಟ್ಟು ಒಂದು ತಗ್ಗಿಗೆ ಇಳೀತು.
ಗಲ್ಲ ಊರಿ ಊರಿ ಸವದ ತಗ್ಗು.
ಬಲಮಗ್ಗಲಿಗೆ.

ಬಲಭುಜಕ್ಕ ಹಿಡಿಯೋರ ಗಲ್ಲ ಎಡಮಗ್ಗಲಿಗೆ ತಾಗತೈತಿ.
ಅಕಿ ನಮಗ ಬಲಗೈಲೆ ಉಣಿಸಿದಾಕಿ,
ಬೋರ್ಡಿನ ಮ್ಯಾಲ ಬಲಗೈಲೆ ಬರದಾಕಿ.
ಅವ್ವನ್ನ ಕೇಳಿದೆ. ರೊಟ್ಟಿ ಬಡಿಯೂದು ನಿಲ್ಲಸಲಿಲ್ಲ ಅವ್ವ.
"ಸಣ್ಣಾಕಿದ್ದಾಗ ಎಡಚಿ ಇದ್ದಳಂತ. ನಿಮ್ಮ ಮುತ್ಯಾ ಬಿಡಿಸಿದ್ದ."
"ಹೆಂಗ?"
ಅವ್ವ ರೊಟ್ಟಿ ತಿರುವಿ ಹಾಕಿದಳು.

ಹುಬ್ಬಳ್ಳಿ ಬಸ್ಸಿನ್ಯಾಗ ಕಂಡಕ್ಟರ್ ಚೀಲ ಮುಟ್ಟಿ
"ತಂಬೂರಿಯೇನ್ರಿ?" ಅಂದ. ಹೂಂ ಅಂದೆ.
ಕ್ಲಬ್ಬಿನ ರೇಂಜಿನ್ಯಾಗ ಮೊದಲ ಹತ್ತು
ಬಲಭುಜಕ್ಕ ಹಿಡದು ಹೊಡದೆ.
ಕಾಗದ ಹರೀತು, ಕರಿ ಹರೀಲಿಲ್ಲ.
ಸಪ್ಪಳ ಇಷ್ಟ ಸಣ್ಣದು,
ಹತ್ತಿಕಟಗಿ ಮುರದಾಂಗ.

ಆಮ್ಯಾಲ ಬದಲಿಸಿದೆ. ಎಡಭುಜ. ಎಡಗಣ್ಣು.
ಬೋಲ್ಟ್ ಹುಡುಕಿ ಕೈ ತಡವರಿಸಿತು.
ಗಲ್ಲ ಮಾತ್ರ ತಾನ ಹೋಗಿ ತಗ್ಗಿನ್ಯಾಗ ಕೂತಿತು,
ನನಕಿಂತ ಸಣ್ಣ ಮಾರಿಗೆ ಮಾಡಿದ ತಗ್ಗು.
ಅರ್ಧ ಉಸುರು ಬಿಟ್ಟು, ಅರ್ಧ ಹಿಡದೆ.

ಚಲೋ ಏನ್ ಹೊಡೀಲಿಲ್ಲ, ಸುಳ್ಳ್ಯಾಕ ಹೇಳಲಿ.
ನಾಕು ಹೊರಗ. ಐದನೇದು
ಕರೀ ವರ್ತುಲದ ಅಂಚಿಗೆ ಹಲ್ಲು ಊರಿತ್ತು.

ಮುಂದಿನ ತಿಂಗಳ ಇಲೆಕ್ಷನ್. ಹನ್ನೆರಡನೇ ಚೀಟಿ.
ಈ ಸಲ ಕೆಂಪು ದಡಿಲೆ ಸುತ್ತಿ ಒಯ್ದೆ.
"ಬಲಮಗ್ಗಲು ಕೆಳಗ ಮಾಡಿ ಇಡಬ್ಯಾಡ್ರಿ," ಅಂದೆ ಪೊಲೀಸಗ.
"ಯಾಕ?"
"ಎಣ್ಣಿ ಇನ್ನೂ ಹಸಿ ಐತಿ."